ತುರ್ತು ರೋಗಿಗಳು ಹಾಗೂ ಅಪಘಾತದ ಗಾಯಾಳುಗಳಿಗೆ ಶ್ವಾಸಮಾರ್ಗ ಸಾಧನಗಳ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಪ್ರಜ್ಞೆ ತಪ್ಪಿದ ವ್ಯಕ್ತಿಯ ನಾಲಿಗೆಯು ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ಅಪಘಾತಗಳಲ್ಲಿ ರಕ್ತ, ವಾಂತಿ ಅಥವಾ ಮುರಿದ ಹಲ್ಲುಗಳು ಉಸಿರಾಟಕ್ಕೆ ಅಡ್ಡಿಯಾಗಬಹುದು. ಆಮ್ಲಜನಕದ ಪೂರೈಕೆ ನಿಂತಲ್ಲಿ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಶಾಶ್ವತ ಹಾನಿ ಉಂಟಾಗುತ್ತದೆ. ಆದುದರಿಂದ ಶ್ವಾಸಮಾರ್ಗವನ್ನು ತೆರೆದಿಡುವುದು ತುರ್ತು ಚಿಕಿತ್ಸೆಯ ಮೊದಲ ಹಂತಗಳಲ್ಲಿ ಒಂದಾಗಿರುತ್ತದೆ.

ರೋಗಿಗೆ ಕೂಡಲೇ ಕೊಳವೆ ಏಕೆ ಅಳವಡಿಸಲಿಲ್ಲ ಎಂಬ ಪ್ರಶ್ನೆ ಸಂಬಂಧಿಕರಲ್ಲಿ ಮೂಡುವುದು ಸಹಜ. ಎಲ್ಲ ರೋಗಿಗಳಿಗೂ ಒಂದೇ ಸಾಧನ ಸೂಕ್ತವಲ್ಲ. ರೋಗಿಯ ಸ್ಥಿತಿ ಹಾಗೂ ಸಿಬ್ಬಂದಿಯ ತರಬೇತಿಯನ್ನು ಆಧರಿಸಿ ಆಯ್ಕೆ ಮಾಡಲಾಗುತ್ತದೆ.

ಬಳಕೆಯಲ್ಲಿರುವ ಸಾಧನಗಳು

1. ಬಾಯಿಯ ಮೂಲಕ ಇಡುವ ಏರ್‌ವೇ: ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ಎಚ್ಚರವಿರುವವರಲ್ಲಿ ವಾಂತಿ ಬರಿಸುವುದರಿಂದ ಪೂರ್ಣ ಪ್ರಜ್ಞಾಹೀನರಿಗೆ ಮಾತ್ರ ಬಳಸಲಾಗುತ್ತದೆ.

2. ಮೂಗಿನ ಮೂಲಕ ಇಡುವ ಏರ್‌ವೇ: ಅರೆಪ್ರಜ್ಞೆಯಲ್ಲಿರುವವರಿಗೆ ಹಾಗೂ ಬಾಯಿ ತೆರೆಯಲಾಗದವರಿಗೆ ಉಪಯುಕ್ತ. ತಲೆಬುರುಡೆಯ ತಳಭಾಗ ಮುರಿದಿರುವ ಶಂಕೆಯಿದ್ದಲ್ಲಿ ಸಾಮಾನ್ಯವಾಗಿ ಬಳಸುವುದಿಲ್ಲ.

3. ಬ್ಯಾಗ್ ಮತ್ತು ಮಾಸ್ಕ್: ಸ್ವಂತ ಉಸಿರಾಟ ಸಾಲದಿದ್ದಾಗ ಕೈಯಿಂದ ಒತ್ತಿ ಗಾಳಿ ಅಥವಾ ಆಮ್ಲಜನಕವನ್ನು ನೀಡುವ ಸಾಧನ.

4. ಲ್ಯಾರಿಂಜಿಯಲ್ ಮಾಸ್ಕ್, ಐ-ಜೆಲ್: ಧ್ವನಿಪೆಟ್ಟಿಗೆಯ ಮೇಲ್ಭಾಗದಲ್ಲಿ ಕೂರುತ್ತವೆ. ಶೀಘ್ರವಾಗಿ ಅಳವಡಿಸಬಹುದು, ಆದರೆ ವಾಂತಿಯು ಶ್ವಾಸಕೋಶಕ್ಕೆ ಸೇರುವುದನ್ನು ಪೂರ್ಣವಾಗಿ ತಡೆಯಲಾರವು.

5. ಶ್ವಾಸನಾಳದ ಕೊಳವೆ: ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳದೊಳಗೆ ಸೇರುತ್ತದೆ. ರಕ್ಷಣೆ ಹೆಚ್ಚು, ಆದರೆ ನುರಿತ ಕೈ ಅಗತ್ಯ. ತಪ್ಪಿ ಅನ್ನನಾಳಕ್ಕೆ ಸೇರಿದಲ್ಲಿ ಪ್ರಾಣಾಪಾಯವಿರುವುದರಿಂದ, ಹೊರಬರುವ ಇಂಗಾಲದ ಡೈಆಕ್ಸೈಡ್ ಅನ್ನು ಅಳೆದು ಖಚಿತಪಡಿಸಿಕೊಳ್ಳಲಾಗುತ್ತದೆ.

6. ಕತ್ತಿನ ಮುಂಭಾಗದ ಶಸ್ತ್ರಕ್ರಿಯೆ: ಮೇಲಿನ ಯಾವ ವಿಧಾನದಿಂದಲೂ ಆಮ್ಲಜನಕ ನೀಡಲಾಗದಿದ್ದಾಗ ಕೈಗೊಳ್ಳುವ ಕೊನೆಯ ಕ್ರಮ.

ಆಯ್ಕೆಯಲ್ಲಿ ಪರಿಗಣಿಸುವ ಅಂಶಗಳು

ಪ್ರಜ್ಞೆಯ ಮಟ್ಟವನ್ನು 3ರಿಂದ 15 ಅಂಕಗಳ ಗ್ಲಾಸ್ಗೋ ಮಾಪಕದಿಂದ ಅಳೆಯಲಾಗುತ್ತದೆ. ತಲೆಗೆ ಪೆಟ್ಟಾಗಿ ಅಂಕವು 8 ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಶ್ವಾಸನಾಳದ ಕೊಳವೆಯನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಕತ್ತಿನ ಮೂಳೆಗೆ ಪೆಟ್ಟಾಗಿರುವ ಶಂಕೆಯಿದ್ದಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ಎತ್ತಲಾಗುತ್ತದೆ. ಮುಖದ ಗಾಯ, ಸುಟ್ಟಗಾಯ, ವಯಸ್ಸು ಮತ್ತು ಆಸ್ಪತ್ರೆಗಿರುವ ದೂರವನ್ನೂ ಗಮನಿಸಲಾಗುತ್ತದೆ.

ಸರಳ ಸಾಧನವನ್ನು ಬಳಸಿದ ಮಾತ್ರಕ್ಕೆ ಚಿಕಿತ್ಸೆ ಕಡಿಮೆಯಾಯಿತೆಂದು ಭಾವಿಸಬೇಕಾಗಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನಕ್ಕೊಳಗಾದ 9,000ಕ್ಕೂ ಹೆಚ್ಚು ರೋಗಿಗಳ ಕುರಿತು ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ವಾಸನಾಳದ ಕೊಳವೆಯನ್ನು ಮೊದಲು ಬಳಸಿದವರು ಐ-ಜೆಲ್ ಬಳಸಿದವರಿಗಿಂತ ಉತ್ತಮವಾಗಿ ಚೇತರಿಸಿಕೊಂಡದ್ದು ಕಂಡುಬರಲಿಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಕೂಡಲೇ 108 ಸಂಖ್ಯೆಗೆ ಉಚಿತವಾಗಿ ಕರೆ ಮಾಡುವುದು. ಕರ್ನಾಟಕದಲ್ಲಿ ಈ ಆಂಬ್ಯುಲೆನ್ಸ್ ಸೇವೆಯು 2008ರಿಂದ ಜಾರಿಯಲ್ಲಿದೆ.
• ಪ್ರಜ್ಞೆಯಿಲ್ಲದವರಿಗೆ ನೀರು, ಸೋಡಾ ಇತ್ಯಾದಿ ಕುಡಿಸಬಾರದು. ಕತ್ತನ್ನು ಎಳೆಯಬಾರದು, ತಿರುಗಿಸಬಾರದು.
• ಕಟ್ಟಿಸಿದ ಹಲ್ಲು, ಕೊನೆಯ ಊಟದ ಸಮಯ, ಔಷಧಗಳ ಅಲರ್ಜಿ, ಹಿಂದೆ ಅರಿವಳಿಕೆಯಲ್ಲಿ ಆದ ತೊಂದರೆ ಇವುಗಳನ್ನು ಸಿಬ್ಬಂದಿಗೆ ತಿಳಿಸುವುದು.
• ಕೊಳವೆಯಿರುವವರೆಗೆ ರೋಗಿಯು ಮಾತನಾಡಲಾರರು. ಇದನ್ನು ಧ್ವನಿ ಹೋಗಿದೆಯೆಂದು ತಿಳಿಯಬಾರದು.

ಅಪಘಾತದ ಗಾಯಾಳುವಿಗೆ ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯದೆ ಚಿಕಿತ್ಸೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪು ನೀಡಿದೆ. ಸದ್ಭಾವನೆಯಿಂದ ನೆರವಾಗುವವರಿಗೆ ಮೋಟಾರು ವಾಹನಗಳ (ತಿದ್ದುಪಡಿ) ಅಧಿನಿಯಮ, 2019ರ ಮೂಲಕ ಸೇರಿಸಲಾದ 134-ಎ ಪ್ರಕರಣದಡಿ ಕಾನೂನಿನ ರಕ್ಷಣೆಯಿದೆ. ಆದುದರಿಂದ ಸಾರ್ವಜನಿಕರು ಹಿಂಜರಿಯದೆ ನೆರವಿಗೆ ಮುಂದಾಗಲು ಕೋರಲಾಗಿದೆ.