ಒಲ್ಲೆನೆನ್ನುವ ಕ್ಯಾಮೆರಾ

ಒಲಿಂಪಸ್ ಟ್ರಿಪ್ ೩೫ ಎಂಬ ಜಪಾನೀ ಕ್ಯಾಮೆರಾದ ತಯಾರಿಕೆ ೧೯೬೭ರಲ್ಲಿ ಆರಂಭವಾಗಿ ೧೯೮೪ರಲ್ಲಿ ನಿಂತುಹೋಯಿತು. ಅದಕ್ಕೆ ಬ್ಯಾಟರಿ ಬೇಡ. ಮಸೂರದ ಸುತ್ತಲಿನ ಸೆಲೆನಿಯಂ ಕೋಶವೇ ಬೆಳಕನ್ನು ಅಳೆಯುವುದು. ಬೆಳಕು ಸಾಲದಿದ್ದರೆ ನೋಟಕಿಂಡಿಯಲ್ಲಿ ಕೆಂಪು ಪಟ್ಟಿಯೊಂದು ಎದ್ದು, ಕ್ಯಾಮೆರಾ ಚಿತ್ರ ತೆಗೆಯಲೊಲ್ಲದು.

ಇದನ್ನರಿಯದೆ ನಾವು ಹಳೆಯದೊಂದನ್ನು ಕೊಂಡೆವು. ಎಂತಹ ಕತ್ತಲೆಯಲ್ಲಿ ಒತ್ತಿದರೂ ಕ್ಲಿಕ್ಕೆನ್ನುತ್ತಿದ್ದುದು ನಮಗೆ ಗುಣವಾಗಿಯೇ ಕಂಡಿತು. ಊರಿನ ಅಡುಗೆಮನೆಯ ಮಬ್ಬಿನಲ್ಲಿ ತಾಯಿಯವರ ಚಿತ್ರ ತೆಗೆದೆವು; ರೀಲು ತೊಳೆಸಿದಾಗ ಮುಖವೇ ಮೂಡಿರಲಿಲ್ಲ.

ಆದುದರಿಂದ ಕೊಳ್ಳಬಯಸುವ ವಾಚಕರು ಹಿಂಬದಿಯ ಚಕ್ರವನ್ನು ಅದು ನಿಲ್ಲುವವರೆಗೆ ತಿರುಗಿಸಿ, ಮಸೂರದ ಬಳೆಯನ್ನು ‘ಎ’ ಗುರುತಿಗೆ ತಂದು, ಕೋಶವನ್ನು ಅಂಗೈಯಿಂದ ಮುಚ್ಚಿ ಗುಂಡಿ ಒತ್ತಲಿ. ಪಟ್ಟಿ ಏಳಬೇಕು, ಕ್ಲಿಕ್ಕೆನ್ನಕೂಡದು. ಬಿಸಿಲಿಗೆ ಹಿಡಿದು ಒತ್ತಿದರೆ ಪಟ್ಟಿ ಏಳದೆ ಕ್ಲಿಕ್ಕೆನ್ನಬೇಕು. ಈ ಎರಡೂ ಸರಿಯಾದರೆ ಮಾತ್ರ ಹಣ ಕೊಡುವುದು ಲೇಸು.