ಸಿನಾಪ್ಟಿಕ್: ಅಪ್ಲೈ ಒತ್ತೋ ಮೊದಲು

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕೋದು ಹೇಗೆ ಅಂತ ಕೇಳಿ ನೋಡಿ. ಹೆಚ್ಚಿನವರು ಟರ್ಮಿನಲ್ ತೆರೆದು ಒಂದು ಕಮಾಂಡ್ ಹೊಡೀರಿ ಅಂತಾರೆ. ಚಿತ್ರ ತೋರಿಸಿ ಹೇಳೋರು ಕಡಿಮೆ. ಕಾರಣ ಇದೆ. ಉಬುಂಟುವನ್ನೇ ತಗೊಳ್ಳಿ, ಸಾಫ್ಟ್‌ವೇರ್ ಹಾಕೋ ಅದರ ಆ್ಯಪ್ ಬದಲಾಗ್ತಾನೇ ಬಂದಿದೆ: 2009ರಲ್ಲಿ ಸಾಫ್ಟ್‌ವೇರ್ ಸೆಂಟರ್, 2016ರಲ್ಲಿ ಅದರ ಜಾಗಕ್ಕೆ ಗ್ನೋಮ್ ಸಾಫ್ಟ್‌ವೇರ್, 2023ರಲ್ಲಿ ಆ್ಯಪ್ ಸೆಂಟರ್. ಪ್ರತಿ ಸಲವೂ ಕಷ್ಟಪಟ್ಟು ತೆಗೆದ ಸ್ಕ್ರೀನ್‌ಶಾಟ್‌ಗಳೆಲ್ಲ ಹಳೇ ಪಂಚಾಂಗ!

ಈ ಗದ್ದಲದಲ್ಲಿ ಹೆಚ್ಚು ಬದಲಾಗದೆ ಉಳಿದಿರೋದು ಸಿನಾಪ್ಟಿಕ್, ಅಂದ್ರೆ ಟರ್ಮಿನಲ್ ಇಲ್ಲದೆ ಮೌಸ್‌ನಿಂದಲೇ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನ ಹಾಕೋ, ತೆಗೆಯೋ ಪ್ರೋಗ್ರಾಂ. ಹುಟ್ಟಿದ್ದು ಬ್ರೆಜಿಲ್‌ನ ಕನೆಕ್ಟಿವಾ ಕಂಪನಿಯಲ್ಲಿ. ನೋಡೋಕೆ ಚೆಂದ ಇಲ್ಲ, ಒಪ್ಕೋತೀನಿ. ಆದರೆ ಯಾವುದನ್ನೂ ಮುಚ್ಚಿಡಲ್ಲ. ಒಂದು ಪ್ಯಾಕೇಜ್ ಗುರುತು ಮಾಡಿ, ಅದರ ಜೊತೆ ಇನ್ನೇನೇನು ಬರಬೇಕು ಅಂತ ಮೊದಲೇ ಪಟ್ಟಿ ಕೊಡುತ್ತೆ. 'ಅಪ್ಲೈ' ಒತ್ತೋವರೆಗೆ ಏನೂ ಬದಲಾಗಲ್ಲ. ಒಳಗೆ ದುಡಿಯೋದು ಉಬುಂಟುವಿನ ಟರ್ಮಿನಲ್ ಕಮಾಂಡ್ ಬಳಸೋ ಅದೇ ಪ್ಯಾಕೇಜ್ ವ್ಯವಸ್ಥೆ, ಎಪಿಟಿ.

ಪ್ಯಾಕೇಜ್ ತೆಗೆಯೋವಾಗ ಮಾತ್ರ ಸ್ವಲ್ಪ ನಿಧಾನಿಸಿ, ಎರಡು ದಾರಿ ಇವೆ. ಸಾದಾ ರಿಮೂವಲ್ ಪ್ರೋಗ್ರಾಂ ತೆಗೆದು, ಅದರ ಸಿಸ್ಟಮ್ ಸೆಟ್ಟಿಂಗ್ ಫೈಲ್‌ಗಳನ್ನ ಬಿಡುತ್ತೆ. ಕಂಪ್ಲೀಟ್ ರಿಮೂವಲ್ ಅವನ್ನೂ ಅಳಿಸುತ್ತೆ. ನಿಮ್ಮ ಹೋಮ್ ಫೋಲ್ಡರನ್ನ ಎರಡೂ ಮುಟ್ಟಲ್ಲ.

ಇನ್ನು ನನಗೆ ತುಂಬಾ ಇಷ್ಟವಾದದ್ದು. ಕಂಪ್ಯೂಟರ್‌ಗೆ ಇಂಟರ್ನೆಟ್ಟೇ ಇಲ್ವಾ? ಬೇಕಾದ್ದನ್ನ ಗುರುತು ಮಾಡಿ, ಫೈಲ್ ಮೆನುವಿನಿಂದ ಡೌನ್‌ಲೋಡ್ ಸ್ಕ್ರಿಪ್ಟ್ ಮಾಡಿಸಿ, ಪೆನ್‌ಡ್ರೈವ್‌ಗೆ ಹಾಕ್ಕೊಂಡು ನೆಟ್ ಇರೋ ಇನ್ನೊಂದು ಲಿನಕ್ಸ್ ಯಂತ್ರದಲ್ಲಿ ಓಡಿಸಿ. ಇಳಿದ ಫೈಲ್‌ಗಳನ್ನ ವಾಪಸ್ ತಂದು, ಅದೇ ಮೆನುವಿನಲ್ಲಿ 'ಆ್ಯಡ್ ಡೌನ್‌ಲೋಡೆಡ್ ಪ್ಯಾಕೇಜಸ್' ಒತ್ತಿ, ಆ ಫೋಲ್ಡರ್ ತೋರಿಸಿ.