ಎರಡು ದ್ವೀಪ: ಎಷ್ಟು ದೂರ, ಎಷ್ಟು ಹೊತ್ತು?

ಅರಬ್ಬೀ ಸಮುದ್ರದ ಲಕ್ಷದ್ವೀಪದಲ್ಲಿ ಅಗತ್ತಿ ವಿಮಾನ ನಿಲ್ದಾಣವಿದೆ. ಬಂಗಾಳ ಕೊಲ್ಲಿಯ ಅಂಡಮಾನಿನಲ್ಲಿ ಪೋರ್ಟ್ ಬ್ಲೇರ್ ನಿಲ್ದಾಣವಿದೆ. ಆ ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ಇವೆರಡರ ದೂರವನ್ನು ನಾನು ಅಟ್ಲಾಸ್ ಹಿಡಿದು ಲೆಕ್ಕ ಮಾಡಿದೆ.

ರೇಖಾಂಶದ ಅಂತರ ಸುಮಾರು ಇಪ್ಪತ್ತೂವರೆ ಡಿಗ್ರಿ. ಅಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 109 ಕಿ.ಮೀ. ಗುಣಿಸಿದರೆ ಸುಮಾರು 2,235 ಕಿ.ಮೀ. ಗಂಟೆಗೆ 800 ಕಿ.ಮೀ. ಹಾರುವ ಜೆಟ್ ವಿಮಾನಕ್ಕೆ ಮೂರು ಗಂಟೆಯೂ ಬೇಡ!

ಆದರೆ ನೇರ ವಿಮಾನವೇ ಇಲ್ಲ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಅಷ್ಟೇ, ದೊಡ್ಡ ಜೆಟ್ ಇಳಿಯೋಕೆ ಆಗಲ್ಲ. ಸಣ್ಣ ವಿಮಾನದಲ್ಲಿ ಕೊಚ್ಚಿಗೆ ಬಂದು, ಚೆನ್ನೈಗೆ ಹೋಗಿ, ಅಲ್ಲಿಂದ ಇನ್ನೊಂದು ವಿಮಾನ ಹತ್ತಬೇಕು. ಕಾಯೋದೂ ಸೇರಿದರೆ ಇಡೀ ದಿನ ಬೇಕಾಗಬಹುದು.

ನಮ್ಮಲ್ಲೂ ಹಾಗೇ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ. ಕುರುಗೋಡು ಸುತ್ತಿ, ಬಸ್ಸು ಬದಲಿಸಿ ಹೋದರೆ ಹೊತ್ತು ಎಷ್ಟು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೊರಟವರಿಗೆ ಆ ಹೊತ್ತೇ ಮುಖ್ಯ. ದ್ವೀಪದ ರೋಗಿಗಳಿಗೂ ಅಷ್ಟೇ.

ನಿಮಗೊಂದು ಲೆಕ್ಕ: ಆ ಜೆಟ್ ವಿಮಾನ ನೇರ ಹಾರಿದರೆ ಎಷ್ಟು ನಿಮಿಷ ಬೇಕು? ಮಾಡಿ ತನ್ನಿ.